ಋಣವಿಮೋಚನೆ ಮತ್ತು ಅಂತರಾತ್ಮ

ವ್ಯಾಪಾರದಲ್ಲಿ ಲಾಭನಷ್ಟಗಳು ಸಹಜ. ಆದರೆ ದಿವಾಳಿಯಾದವನನ್ನು ನ್ಯಾಯಾಲಯವು ಸಾಲದಿಂದ ಬಿಡುಗಡೆ ಮಾಡಿದರೆ ಅವನ ನೈತಿಕ ಋಣವೂ ತೀರಿತೇ? ಇದು ಶ್ರಾವಕರೆಲ್ಲರೂ ಚಿಂತಿಸಬೇಕಾದ ಪ್ರಶ್ನೆ.

2016ರ ದಿವಾಳಿ ಸಂಹಿತೆಯು ಕಂಪನಿಯನ್ನು ಮೊದಲು ಉಳಿಸಲು ಯತ್ನಿಸುತ್ತದೆ. ಅದು ಫಲಿಸದಿದ್ದರೆ ಆಸ್ತಿಯ ಮಾರಾಟ. ಆಗ ಪ್ರಕ್ರಿಯೆಯ ವೆಚ್ಚ ಕಳೆದು, ಕಾರ್ಮಿಕರ 24 ತಿಂಗಳ ಬಾಕಿಯು ಆಧಾರ ಪಡೆದು ಸಾಲ ಕೊಟ್ಟವರ ಹಕ್ಕಿಗೆ ಸಮನಾಗಿ ನಿಲ್ಲುತ್ತದೆ. ವ್ಯಕ್ತಿಗಳಿಗಾಗಿ 1920ರ ಪ್ರಾಂತೀಯ ದಿವಾಳಿ ಕಾಯಿದೆಯು ಹಾಕಿದ ಕ್ರಮ ಇನ್ನೂ ಮನನೀಯ. ಆಸ್ತಿಯೆಲ್ಲ ನ್ಯಾಯಾಲಯದ ವಶವಾದರೂ ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳು ಸಾಲಗಾರನಿಗೇ ಉಳಿಯುತ್ತವೆ. ಎರಡು ವರ್ಷಗಳೊಳಗೆ ಬಂಧುಗಳಿಗೆ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯನ್ನು ನ್ಯಾಯಾಲಯವು ಮರಳಿ ಪಡೆಯಬಹುದು. ವಿಮೋಚನೆ ದೊರೆತರೂ ವಂಚನೆಯಿಂದ ಮಾಡಿದ ಸಾಲ ಅಳಿಯದು.

ಅಂದರೆ ಕಾನೂನು ದುರ್ದೈವಕ್ಕೆ ಕರುಣೆ ತೋರುತ್ತದೆ, ಕಪಟಕ್ಕಲ್ಲ. ಈ ಕರುಣೆ ಯುಕ್ತವೇ. ಸಾಲದ ಭಾರದಲ್ಲಿ ಕುಸಿದವನು ದುಡಿಯಲಾರ, ದುಡಿಯದವನು ತೀರಿಸಲಾರ. ಆದರೆ ಬಿಡುಗಡೆಯ ಆಜ್ಞೆಯು ಕಟ್ಟಿಹಾಕುವುದು ಸಾಲ ಕೊಟ್ಟವನ ಕೈಯನ್ನು, ಕೊಡಬೇಕಾದವನ ಕೈಯನ್ನಲ್ಲ. ಮುಂದೆ ಸಂಪತ್ತು ಮರಳಿದಾಗ, ನಂಬಿ ಹಣವಿತ್ತ ವಿಧವೆಯನ್ನೂ ಅಂಗಡಿಯ ಆಳನ್ನೂ ನೆನೆಯುವವನೇ ಅಚೌರ್ಯ ವ್ರತವನ್ನು ಪೂರ್ಣವಾಗಿ ಪಾಲಿಸಿದವನು.

ಮೊದಲು ಮನೆಯವರ ಅನ್ನ, ಅನಂತರ ಹಳೆಯ ಋಣ, ಆ ಮೇಲೆ ದಾನ. ಅನ್ಯರ ಹಣವನ್ನು ಬಾಕಿಯಿರಿಸಿ ಸವಾಲಿನಲ್ಲಿ ಕಲಶ ಪಡೆದರೆ, ಆ ಅಭಿಷೇಕವು ನಿಜವಾಗಿ ಯಾರ ಹಣದ್ದು? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಅಂತರಾತ್ಮದಲ್ಲಿಯೇ ಕೇಳಿಕೊಳ್ಳಬೇಕು.