ಕಾಡಿಗೆ ಕಾವಲು ಯಾರು?

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬುದು ನಮ್ಮ ಉತ್ತರ ಕನ್ನಡದ ಹಳೆಯ ಮಾತು. ಕಾಡುದಾರಿಯಲ್ಲಿ ನಡೆಯುವ ಕಸುವಿದ್ದವನಿಗೆ ಮಾತ್ರ ಯಾಣ ಸಿಗುತ್ತಿತ್ತು. ಆ ಕಷ್ಟದ ದಾರಿಯೇ ಕಾಡಿಗೆ ಕಾವಲಾಗಿತ್ತು. ಈಗ ವಾಹನಗಳು ಬಂಡೆಗಳ ಸಮೀಪದವರೆಗೂ ಹೋಗುತ್ತವೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ 90 ಮೀಟರಿನ ಮೋಹಿನಿ ಶಿಖರವನ್ನೂ ನೋಡಲು ಹಿಂದಿನ ಸೊಕ್ಕು ಬೇಕಿಲ್ಲ. ಹಾಗಾದರೆ ಇನ್ನು ಕಾವಲು ಯಾರದು?

ಕಾನೂನು ಒಂದು ಉತ್ತರ ಕೊಟ್ಟಿದೆ. ಇದೇ ಸೀಮೆಯ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸರಕಾರ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಸಿಂಗಳೀಕವಿಲ್ಲ. ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುವ ಅದಕ್ಕೆ ಮರ ಕಡಿದರೆ ದಾರಿಯನ್ನೇ ಕಡಿದಂತೆ. ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆ ಜನರ ಹಕ್ಕುಗಳನ್ನು ಕಿತ್ತುಕೊಳ್ಳುವುದಿಲ್ಲ. ಗ್ರಾಮ ಪಂಚಾಯತಿಯ ಪ್ರತಿನಿಧಿಗೂ ನಿರ್ವಹಣಾ ಸಮಿತಿಯಲ್ಲಿ ಸ್ಥಾನ ಕೊಡುತ್ತದೆ.

ಆದರೆ ನ್ಯಾಯದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಸೌದೆ ತರುವವನಿಗೆ ನಾವು ಮಿತಿಯ ಪಾಠ ಹೇಳುತ್ತೇವೆ. ರಜೆಯ ದಿನ ಬಂದು ಬಾಟಲಿ ಎಸೆದು, ಕೇಕೆ ಹಾಕಿ ಹೋಗುವವನನ್ನು ಅತಿಥಿ ಎನ್ನುತ್ತೇವೆ. ಕಾಡು ಅಳಿದರೆ ಮೊದಲನೆಯವನ ಬದುಕೇ ಬರಡಾಗುತ್ತದೆ. ಎರಡನೆಯವನು ನೋಡಲು ಇನ್ನೊಂದು ಊರು ಹುಡುಕಿಕೊಳ್ಳುತ್ತಾನೆ. ಆದ್ದರಿಂದ ಸಂಯಮದ ಮೊದಲ ಹೊಣೆ ನೋಡಲು ಹೋಗುವ ನಮ್ಮಂಥವರದು. ಹಿಂದೆ ದಾರಿ ತಡೆಯುತ್ತಿದ್ದುದನ್ನು ಇಂದು ನಮ್ಮ ವಿವೇಕ ತಡೆಯಬೇಕಾಗಿದೆ.