ಹಿರಿಯರ ಧನವೆಂಬ ನ್ಯಾಸ

ಗೃಹಸ್ಥಧರ್ಮದಲ್ಲಿ ಮಾತಾಪಿತೃಗಳ ಸೇವೆಗೆ ಹಿರಿದಾದ ಸ್ಥಾನವಿದೆ. ಅನ್ನ, ವಸ್ತ್ರ, ಔಷಧಗಳನ್ನು ಒದಗಿಸಿದರೆ ಆ ಸೇವೆ ಪೂರ್ಣವಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಮುಪ್ಪಿನಲ್ಲಿ ದೇಹಬಲದೊಡನೆ ಕುಗ್ಗುವುದು ಇನ್ನೊಂದಿದೆ: ತಾವು ಗಳಿಸಿದ್ದರ ಮೇಲೆ ಹಿರಿಯರಿಗಿರುವ ಹಿಡಿತ. ಕಳ್ಳನು ಹೊರಗಿನವನಾದರೆ ಬಾಗಿಲಿಗೆ ಬೀಗ ಹಾಕಬಹುದು. ಬೀಗದ ಕೈಯೇ ಬಂಧುವಿನ ಬಳಿ ಇದ್ದರೆ ಹಿರಿಯರನ್ನು ಕಾಯುವುದು ಹೇಗೆ?

ಇಂತಹ ಪ್ರಸಂಗಗಳ ಸ್ವರೂಪ ಬಹುಮಟ್ಟಿಗೆ ಒಂದೇ. ವಿಧವೆಯಾದ ತಾಯಿ ಊರಿನಲ್ಲಿ, ಮಕ್ಕಳು ದೂರದ ನಗರಗಳಲ್ಲಿ. ತಂಗಿಯ ಮಗನೊಬ್ಬನು ಪಿಂಚಣಿಯ ಹಣ ತಂದುಕೊಡುತ್ತಾನೆ, ಠೇವಣಿಗಳನ್ನು ನವೀಕರಿಸುತ್ತಾನೆ. ಮೊದಮೊದಲು ಅವನ ಮನಸ್ಸೂ ಶುದ್ಧವಾಗಿಯೇ ಇರುತ್ತದೆ. ಕ್ರಮೇಣ ತಾಯಿಯ ನೆನಪು ಮಾಸುತ್ತದೆ. ‘ಬ್ಯಾಂಕಿನಲ್ಲಿ ಐವತ್ತು ಸಾವಿರವಿತ್ತಲ್ಲವೇನಪ್ಪಾ?’ ಎಂದು ಆಕೆ ಕೇಳುತ್ತಾಳೆ. ಇದ್ದುದು ಒಂದು ಲಕ್ಷ. ‘ಹೌದು ದೊಡ್ಡಮ್ಮ, ಅಷ್ಟೇ’ ಎಂದು ಅವನು ತಲೆಯಾಡಿಸುತ್ತಾನೆ.

ಈ ಒಂದು ‘ಹೌದು’ ಎಂಬ ಮಾತನ್ನು ಪ್ರಾಚೀನ ಆಚಾರ್ಯರು ಗುರುತಿಸಿದ್ದಾರೆಂಬುದು ಗಮನಾರ್ಹ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇರಿಸಿಕೊಂಡವನು ‘ಹಾಗೆಯೇ’ ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇದನ್ನು ಅಚೌರ್ಯದ ಅಡಿಯಲ್ಲಿರಿಸದೆ ಸತ್ಯದ ಅಡಿಯಲ್ಲಿ ಇರಿಸಿರುವುದು ಅರ್ಥಪೂರ್ಣವಾಗಿದೆ. ಇಲ್ಲಿ ಕೈ ಪೆಟ್ಟಿಗೆಯನ್ನು ಒಡೆಯಲಿಲ್ಲ, ನಾಲಗೆಯೇ ಕದ್ದಿತು. ‘ಅವರೇ ಅಷ್ಟೆಂದರು, ನಾನು ಒಪ್ಪಿದೆ’ ಎಂಬ ಸಮಾಧಾನಕ್ಕೆ ಎಡೆಯೇ ಇಲ್ಲ. ಅದೇ ಸೂತ್ರದಲ್ಲಿ ಕೂಟಲೇಖಕ್ರಿಯೆಯೂ, ಅಂದರೆ ಸುಳ್ಳು ಲೇಖನವನ್ನು ಸೃಷ್ಟಿಸುವುದೂ, ಅತಿಚಾರವೆನಿಸಿದೆ. ಕಣ್ಣು ಮಂಜಾದವರಿಂದ ಓದಿ ಹೇಳದೆ ದಾನಪತ್ರಕ್ಕೆ ರುಜು ಹಾಕಿಸುವುದು ಇದಕ್ಕೆ ದೂರವಾದುದಲ್ಲ.

ಕೆಲವರು ಧರ್ಮದ ಹೆಸರಿನಲ್ಲಿಯೇ ಇದನ್ನು ಸಮರ್ಥಿಸುವುದುಂಟು. ಇಳಿವಯಸ್ಸಿನವರಿಗೆ ಆಸ್ತಿಯ ಮೋಹವೇಕೆ, ಅಪರಿಗ್ರಹವನ್ನು ಸಾಧಿಸಬಾರದೆ ಎನ್ನುತ್ತಾರೆ. ಬಿಡುವವನು ತಾನಾಗಿ ಬಿಟ್ಟರೆ ಅದು ತ್ಯಾಗ. ಮತ್ತೊಬ್ಬನು ಬಿಡಿಸಿಕೊಂಡರೆ ಅದು ಅಪಹರಣ. ಏನು ಕೊಟ್ಟೆನೆಂದು ಕೊಟ್ಟವರಿಗೇ ತಿಳಿಯದಿದ್ದಲ್ಲಿ ಅದನ್ನು ದಾನವೆನ್ನಲು ಬಾರದು. ಅಪರಿಗ್ರಹವನ್ನು ಬೋಧಿಸುವ ಬಂಧುವಿನ ಪರಿಗ್ರಹವು ಅದೇ ಗಳಿಗೆಯಲ್ಲಿ ಬೆಳೆಯುತ್ತಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವು ರಕ್ಷಕನಲ್ಲಿಯೇ ಇದೆ. ವಿಷಯ ತಿಳಿದ ಮಗನು ಆತುರದಿಂದ ಬಂದು, ಪಾಸುಬುಕ್ಕನ್ನು ಕಿತ್ತುಕೊಂಡು, ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡರೆ ಕೈ ಬದಲಾಯಿತೇ ಹೊರತು ಅನ್ಯಾಯ ನಿಲ್ಲಲಿಲ್ಲ. ‘ಬೇಡ’ ಎನ್ನುವ ಅಧಿಕಾರ ತಾಯಿಗೆ ಉಳಿದಿದೆಯೆ? ಲೆಕ್ಕ ಆಕೆಗೆ ತಿಳಿಯುತ್ತಿದೆಯೆ? ರಕ್ಷಣೆಯ ಒರೆಗಲ್ಲು ಇದು. ಹಿರಿಯರ ಧನವು ಎಲ್ಲ ಬಂಧುಗಳ ಪಾಲಿಗೂ ನ್ಯಾಸ. ಮಗನ ಪಾಲಿಗೂ ಅದು ನ್ಯಾಸವೇ. ಅನೇಕಾಂತವನ್ನು ಒಪ್ಪಿದವರು ಸೇವೆ ಮಾಡಿದ ಬಂಧುವಿನ ಮಾತನ್ನೂ ಆಲಿಸಬೇಕು. ಅವನ ಶ್ರಮಕ್ಕೂ ಖರ್ಚಿಗೂ ನ್ಯಾಯವಾದುದನ್ನು ಮೊದಲೇ ನಿಶ್ಚಯಿಸಿ ಬರೆದಿಟ್ಟರೆ ಲೋಭಕ್ಕೆ ನೆವವಿರದು.

ಆಚರಣೆಯಲ್ಲಿ ಕೆಲವು ಎಚ್ಚರಗಳು ಸಾಧ್ಯ. ತಿಂಗಳಿಗೊಮ್ಮೆ ಇಬ್ಬರ ಎದುರಿನಲ್ಲಿ ಹಿರಿಯರಿಗೆ ಲೆಕ್ಕವನ್ನು ಓದಿ ಹೇಳಬೇಕು. ಎ.ಟಿ.ಎಂ. ಕಾರ್ಡಿನ ಗುಪ್ತಸಂಖ್ಯೆ ಪರರಿಗೆ ತಿಳಿಯಬಾರದು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಲ್ಲಿ ಮೂಲಭೂತ ಸೇವೆಗಳನ್ನು ಒದಗಿಸಲು ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಪಾಲಕರು ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಪ್ರಕರಣದಂತೆ, ಆರೈಕೆಯ ಷರತ್ತಿನೊಡನೆ ಆಸ್ತಿ ಪಡೆದವನು ಆರೈಕೆಗೆ ತಪ್ಪಿದರೆ, ಕೊಟ್ಟವರ ಇಚ್ಛೆಯಂತೆ ಆ ವರ್ಗಾವಣೆಯನ್ನು ನ್ಯಾಯಮಂಡಳಿಯು ಅಸಿಂಧುಗೊಳಿಸಬಹುದು. ಷರತ್ತು ಇದ್ದಿತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. 2025ರಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಆದುದರಿಂದ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ವಿವೇಕ. ನೆರವು ಬೇಕಾದ ಹಿರಿಯರಿಗೆ 14567 ಎಂಬ ದೂರವಾಣಿಯೂ ಇದೆ.

ಆದರೂ ಮನೆತನದ ಮರ್ಯಾದೆಗೆ ಅಂಜಿ ಬಂಧುಗಳು ಬಾಯಿ ತೆರೆಯುವುದಿಲ್ಲ. ಕೃತ, ಕಾರಿತ, ಅನುಮೋದನೆ ಎಂದು ಪಾಪಕ್ಕೆ ಮೂರು ದ್ವಾರಗಳನ್ನು ಹೇಳಿದೆ. ತಡೆಯಬಲ್ಲವನು ಕಂಡೂ ಸುಮ್ಮನಿದ್ದರೆ ಆ ಮೌನವು ಮೂರನೆಯ ದ್ವಾರದ ಹೊಸ್ತಿಲಲ್ಲಿ ನಿಂತಂತೆ. ‘ಕ್ಷಮಾವಣಿಯಂದು ಕ್ಷಮಿಸಿದೆವಲ್ಲ’ ಎಂದು ಕಡತ ಮುಚ್ಚುವುದೂ ಸರಿಯಲ್ಲ. ಕ್ಷಮೆ ವೈರವನ್ನು ಅಳಿಸುತ್ತದೆ, ಋಣವನ್ನಲ್ಲ. ತೆಗೆದುಕೊಂಡುದನ್ನು ಹಿಂದಿರುಗಿಸಿದಾಗಲೇ ತಪ್ಪಿತಸ್ಥನ ಪ್ರತಿಕ್ರಮಣವೂ ಸಾರ್ಥಕ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯಿದೆ. ಕದ್ದು ತಂದುದನ್ನು ಸ್ವೀಕರಿಸುವುದು ಅಚೌರ್ಯಾಣುವ್ರತದ ಅತಿಚಾರ. ವೃದ್ಧರ ಹೆಸರಿನಲ್ಲಿ ಬಂಧುವೊಬ್ಬನು ದೊಡ್ಡ ಮೊತ್ತವನ್ನು ತಂದಾಗ, ರಸೀದಿ ಬರೆಯುವ ಮುನ್ನ ಮಂಡಳಿಯ ಇಬ್ಬರು ಆ ಹಿರಿಯರ ಮನೆಗೆ ಹೋಗಿ, ಕೊಡುವ ಮನಸ್ಸು ಅವರದೇ ಹೌದೆ ಎಂದು ವಿಚಾರಿಸಲಿ. ಆ ಭೇಟಿಯಿಂದ ಬಸದಿಯ ಭಂಡಾರ ಶುದ್ಧವಾಗಿ ಉಳಿಯುತ್ತದೆ. ತಮ್ಮನ್ನು ಕೇಳುವವರಿದ್ದಾರೆಂಬ ಧೈರ್ಯ ಆ ಹಿರಿಯರಿಗೆ ಮೂಡುತ್ತದೆ.