ರಕ್ತದಾಗ ಐತಿ

ಮಾಗಡಿ ಕೆರೆಯ ದಂಡೆಯಲ್ಲಿ ಮೊನ್ನೆ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಚೀಲ ಎಲ್ಲರ ನೆಮ್ಮದಿ ಕೆಡಿಸಿತು. ಜಾಲಿಕಂಟಿಗೆ ಸಿಕ್ಕಿಕೊಂಡಿದ್ದ ಅದು ಗಾಳಿಗೆ ಪಟಪಟ ಬಡಿದುಕೊಂಡದ್ದೇ ತಡ, ನೀರಿನ ಮೇಲೆ ತೂಕಡಿಸುತ್ತಿದ್ದ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಗದ್ದಲವೆಬ್ಬಿಸಿ ಮೇಲೆದ್ದಿತು. ಹಿಮಾಲಯ ದಾಟಿ ಬಂದ ಹಕ್ಕಿಗಳು ಒಂದು ಕ್ಯಾರಿಬ್ಯಾಗಿಗೆ ಹೆದರುವುದೇ? ನಾನು ನಕ್ಕೆ. ಪಕ್ಕದ ಕಡಲೆ ಹೊಲದ ಹಿರಿಯರು ನಗಲಿಲ್ಲ. "ಯಾರೋ ಅದಾರಂತ ತಿಳೀತಾವ್ರೀ. ಅದು ಸುಳ್ಳಾದ್ರ ಒಂದ್ ಸುತ್ತು ಹಾರಿ ಬರ್ತಾವು. ಖರೇನ ನರಿ ಬಂದಾಗ ಸುಮ್ನ ಕುಂತ್ರ ಜೀವಾನ ಹೋಗ್ತೈತಲ್ರೀ" ಎಂದರು.

ಡಾರ್ವಿನ್ನನ ನಾಯಿ ನೆನಪಾಯಿತು. ಮನುಷ್ಯನ ವಂಶಮೂಲ ಕುರಿತು ಅವನು 1871ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದರ ಪ್ರಸಂಗ ಬರುತ್ತದೆ. ಹುಲ್ಲಿನ ಮೇಲೆ ಬಿಚ್ಚಿಟ್ಟ ಕೊಡೆ ಗಾಳಿಗೆ ಅಲುಗಿದಾಗಲೆಲ್ಲ ನಾಯಿ ಗುರುಗುಟ್ಟಿ ಬೊಗಳುತ್ತಿತ್ತಂತೆ. ಕಣ್ಣಿಗೆ ಕಾಣದವರು ಯಾರೋ ಅದನ್ನು ಅಲುಗಿಸುತ್ತಿದ್ದಾರೆಂದು ಅದಕ್ಕೆ ಅನ್ನಿಸಿರಬೇಕು; ಗಾಳಿ, ಗಿಡ, ಹೊಳೆಗಳಲ್ಲಿ ಚೇತನ ಕಾಣುವ ಮನುಷ್ಯನ ನಂಬಿಕೆಗೂ ಇದಕ್ಕೂ ನಂಟಿದೆ ಎಂಬುದು ಅವನ ಊಹೆ. ಅದೇ ಜಾಡು ಹಿಡಿದ ಇಂದಿನ ಕೆಲವು ವಿಜ್ಞಾನಿಗಳದು ಹೊಲದ ಹಿರಿಯರ ಲೆಕ್ಕವೇ. ಸಪ್ಪಳವಾದಾಗ 'ಯಾರೋ ಇದ್ದಾರೆ' ಎಂದುಕೊಂಡ ಪೂರ್ವಜರು ಹೆಚ್ಚಾಗಿ ಬದುಕಿ ಉಳಿದರು. ನಾವು ಅವರ ಮಕ್ಕಳು; ಕಾಣದ ದೇವರನ್ನು ನಂಬುವ ಮನಸ್ಸೂ ಅಲ್ಲಿಂದಲೇ ಬಂತು ಎನ್ನುತ್ತಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪಿದವರಲ್ಲೂ ಕೆಲವರು ಇಷ್ಟಕ್ಕೇ ದೇವರಿಲ್ಲವೆಂದು ತೀರ್ಮಾನಿಸುವುದು ನನಗೆ ಅವಸರ ಎನ್ನಿಸುತ್ತದೆ. ಕೆರೆಗೆ ನರಿ ಬರುವುದೂ ಉಂಟಲ್ಲ.

'ದೈವಭಕ್ತಿ ನಮ್ಮ ರಕ್ತದಾಗ ಐತಿ' ಎನ್ನುವುದು ನಮ್ಮ ಕಡೆಯ ಮಾತು. ಹೆಬ್ಬಾತಿನ ರಕ್ತದಲ್ಲಂತೂ ನಿಜವಾಗಿಯೇ ಒಂದು ವಿಶೇಷವಿದೆ. ಅದರ ಹಿಮೋಗ್ಲೋಬಿನ್‌ನಲ್ಲಿ ತಲೆಮಾರುಗಳ ಹಿಂದೆ ಆದ ಸಣ್ಣ ಬದಲಾವಣೆಯಿಂದ ಅದು ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. 7 ಸಾವಿರ ಮೀಟರ್‌ಗೂ ಮೇಲೆ ಈ ಹಕ್ಕಿ ಹಾರಿದ ದಾಖಲೆಯಿದೆ. ಆದರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಮಾಗಡಿ ಕೆರೆ ಎಲ್ಲಿದೆ ಎಂಬುದು ರಕ್ತದಲ್ಲಿ ಬರೆದಿಲ್ಲ. ವರ್ಷ ತುಂಬದ ಮರಿಗಳು ತಂದೆತಾಯಿಯ ಜತೆ ಹಾರುತ್ತವೆ, ಹಾದಿಯನ್ನು ಬಹುಮಟ್ಟಿಗೆ ಅವರಿಂದಲೇ ಕಲಿಯುತ್ತವೆ.

ಕೈಮುಗಿಯುವ ಮನಸ್ಸು ರಕ್ತದ್ದಿರಬಹುದು; ಯಾವ ಹೊಸ್ತಿಲಿಗೆ ಎಂಬುದು ಮಾತ್ರ ಮನೆಯವರು ಹೇಳಿಕೊಟ್ಟದ್ದು. ಇದನ್ನು ತಿಳಿಯಲು ಜೀವಶಾಸ್ತ್ರ ಬೇಕಿಲ್ಲ, ಹತ್ತಿರದ ಶಿರಹಟ್ಟಿಗೆ ಹೋದರೆ ಸಾಕು. ಅಲ್ಲಿನ ಮಠದ ಐತಿಹ್ಯದಂತೆ, ಮಕ್ಕಳಿಲ್ಲದ ಜಂಗಮ ದಂಪತಿ ಶಿವಯ್ಯ ಮತ್ತು ಗೌರಮ್ಮ ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಮಗನನ್ನು ಪಡೆದರು. ಕೊಟ್ಟ ಮಾತಿನಂತೆ ಕೂಸನ್ನು ಅವರ ಮಡಿಲಿಗೇ ಹಾಕಿದರು. ಆ ಕೂಸೇ ಫಕೀರೇಶ್ವರ. ಜಂಗಮರ ರಕ್ತ, ಸೂಫಿಯ ಸಾಕಣೆ. ಈಗಲೂ ಆ ಪೀಠದ ಸ್ವಾಮಿಗಳ ಹೆಸರು ಫಕೀರ ಎಂದೇ ಶುರುವಾಗುತ್ತದೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರಲ್ಲಿ ಅಲಾವಿ ಕುಣಿ ತೋಡಿ ಮೊಹರಂ ಮಾಡುವವರೂ ಉತ್ತರ ಕರ್ನಾಟಕದಲ್ಲಿದ್ದಾರೆ. ಅವರ ಪಾಲಿಗೆ ಅದು ಅಜ್ಜ ಮಾಡುತ್ತಿದ್ದ ಹಬ್ಬ, ಅಷ್ಟೆ. ಹಾಗೆ ನೋಡಿದರೆ, ಧರ್ಮವನ್ನು ರಕ್ತಕ್ಕೆ ಕಟ್ಟಿ ಜಗಳಕ್ಕೆ ನಿಲ್ಲುವವರಿಗೆ ತಮ್ಮ ಅಜ್ಜಂದಿರ ಪರಿಚಯ ಸಾಲದು.

ಹಿಂಡು ಒಂದು ಸುತ್ತು ಹಾಕಿ ಮತ್ತೆ ನೀರಿಗಿಳಿಯಿತು. ಹೊರಡುವಾಗ ಕೇಳಿದೆ: ಕತ್ತಲಾದ ಮೇಲೆ ಹೊಲಕ್ಕಿಳಿದು ಕಡಲೆ ಮೇಯುತ್ತವಲ್ಲ, ಓಡಿಸುವುದಿಲ್ಲವೇ?

"ನಮ್ಮಪ್ಪ ಓಡಸ್ತಿದ್ದಿಲ್ರೀ" ಎಂದರು. ಆಮೇಲೆ ಎದ್ದು ಹೋಗಿ, ಜಾಲಿಕಂಟಿಯಿಂದ ಆ ಚೀಲವನ್ನು ಬಿಡಿಸಿ, ಮುದ್ದೆ ಮಾಡಿ ಅಂಗಿಯ ಕಿಸೆಗೆ ತುರುಕಿಕೊಂಡರು.